ಡೇರೆಯೊಳಗಿನ ಒಲೆ: ಭಾರ, ಬಿಸಿ ಮತ್ತು ಗಾಳಿ

(ವಿದ್ಯಾರ್ಥಿ ಚಾರಣಿಗರು ಹಾಗೂ ಅವರ ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಕುಟುಂಬಗಳು ಮಕ್ಕಳೊಡನೆ ಹಿಮಾಲಯದ ಚಾರಣಕ್ಕೆ ಹೊರಡುವುದು ಈಗ ಅಪರೂಪದ ಸಂಗತಿಯಲ್ಲ. ಹೊರಡುವ ಮುನ್ನ ತಂದೆತಾಯಿಯರನ್ನು ಹೆಚ್ಚು ಕಾಡುವುದು ಚಳಿಯ ಚಿಂತೆ. ಒಳಗೆ ಒಲೆ ಹೂಡಬಹುದಾದ ಹಗುರ ಡೇರೆಗಳ ಜಾಹೀರಾತು ಆ ಚಿಂತೆಗೆ ಸುಲಭ ಪರಿಹಾರವೆಂಬಂತೆ ಕಾಣಿಸುತ್ತದೆ. ಅಂತಹ ಡೇರೆ ಯಾರಿಗೆ ಬೇಕು, ಎಲ್ಲಿಗೆ ಬೇಕು, ಕೊಳ್ಳುವವರು ಏನನ್ನು ಪರೀಕ್ಷಿಸಬೇಕು ಎಂಬುದು ಇಂದಿನ ವಿಷಯ.

ಡೇರೆಗೆ ಬೆಂಕಿಯನ್ನು ಸೇರಿಸಿದವರು ಚಳಿನಾಡುಗಳ ಅಲೆಮಾರಿಗಳು. ಉತ್ತರ ಸ್ಕ್ಯಾಂಡಿನೇವಿಯಾದ ಸಾಮಿ ಜನರು ಹಿಮಸಾರಂಗಗಳ ಹಿಂಡಿನೊಡನೆ ಸಾಗುವಾಗ ‘ಲಾವ್ವು’ ಎಂಬ ಶಂಕುವಿನಾಕಾರದ ಗುಡಾರ ಹೂಡುತ್ತಿದ್ದರು. ನಡುವೆ ಬೆಂಕಿ, ನೆತ್ತಿಯಲ್ಲಿ ಹೊಗೆಗಂಡಿ. ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳ ‘ಟೀಪಿ’ಯನ್ನು ಕಂಡ ಸೇನಾಧಿಕಾರಿ ಹೆನ್ರಿ ಸಿಬ್ಲಿ, 1856ರಲ್ಲಿ ಅದೇ ಮಾದರಿಯ ಒಂಟಿಗಂಬದ ಡೇರೆಗೆ ಪೇಟೆಂಟ್ ಪಡೆದನು. ಹನ್ನೆರಡು ಮಂದಿ ಸೈನಿಕರು ಮಲಗಬಹುದಾದ ಆ ಡೇರೆಗೆ ತಗಡಿನ ಒಲೆಯೂ ಜೊತೆಯಾಯಿತು. ಅಂತರ್ಯುದ್ಧದಲ್ಲಿ ಸಿಬ್ಲಿ ದಕ್ಷಿಣದ ಪಕ್ಷ ಸೇರಿದನಾದರೂ ಅವನ ಡೇರೆಗಳನ್ನು ಸಾವಿರಗಟ್ಟಲೆ ಬಳಸಿದ್ದು ಉತ್ತರದ ಸೇನೆ! ಇಂದಿನ ಹಗುರ ಒಲೆ-ಡೇರೆ ಈ ವಂಶದ್ದೇ. ಕ್ಯಾನ್‌ವಾಸ್ ಇದ್ದಲ್ಲಿ ಸಿಲಿಕೋನ್ ಲೇಪಿಸಿದ ನೈಲಾನ್ ಅಥವಾ ಪಾಲಿಯೆಸ್ಟರ್ ಬಂದಿದೆ, ಕಬ್ಬಿಣದ ಜಾಗದಲ್ಲಿ ಟೈಟೇನಿಯಂ. ಟೈಟೇನಿಯಂನ ಸಾಂದ್ರತೆ ಉಕ್ಕಿನದಕ್ಕಿಂತ ಶೇಕಡ 40ರಷ್ಟು ಕಡಿಮೆ. ತೆಳುವಾದ ಹಾಳೆಯಲ್ಲೂ ಅದು ಬಿಸಿಯನ್ನು ತಾಳಿಕೊಳ್ಳುತ್ತದೆ.

ಬೆನ್ನಿಗೇರುವ ಭಾರವನ್ನು ಮೊದಲು ಲೆಕ್ಕ ಹಾಕಬೇಕು. ತಂದೆ, ತಾಯಿ, ಇಬ್ಬರು ಶಾಲಾ ಮಕ್ಕಳ ಕುಟುಂಬವನ್ನು ತೆಗೆದುಕೊಳ್ಳೋಣ. ನಾಲ್ವರಿಗೆ ಸಾಲುವ ಹಗುರ ಡೇರೆ 2ರಿಂದ 3 ಕಿಲೋ, ಟೈಟೇನಿಯಂ ಒಲೆ ಮತ್ತು ಅದರ ಕೊಳವೆ ಸೇರಿ ಸುಮಾರು 1ರಿಂದ 1.5 ಕಿಲೋ. ಮಕ್ಕಳು ಹೊರುವುದು ತಮ್ಮ ಬಟ್ಟೆ, ನೀರು ಅಷ್ಟೇ ಆದ್ದರಿಂದ ಇದೆಲ್ಲವೂ ಇಬ್ಬರು ಹಿರಿಯರ ಪಾಲು. ಒಲೆಯಿದ್ದರೆ ಹಾಸಿಗೆ ಹೊದಿಕೆಯ ಭಾರವನ್ನು ಇಳಿಸಬಹುದಲ್ಲವೇ ಎಂದು ಅನೇಕರು ಕೇಳುತ್ತಾರೆ. ಸಾಧ್ಯವಿಲ್ಲ. ಬೆನ್ನಿಗೇರುವಷ್ಟು ಚಿಕ್ಕ ಒಲೆ ಒಮ್ಮೆ ತುಂಬಿದ ಕಟ್ಟಿಗೆಯನ್ನು ಒಂದು ಗಂಟೆಯೊಳಗೇ ಉರಿಸಿ ಮುಗಿಸುತ್ತದೆ. ಒಂಟಿ ಪದರದ ತೆಳು ಬಟ್ಟೆಯಲ್ಲಿ ಬಿಸಿ ನಿಲ್ಲುವುದಿಲ್ಲ. ಬೆಂಕಿ ಆರಿದ ಸ್ವಲ್ಪ ಹೊತ್ತಿನಲ್ಲೇ ಒಳಗೂ ಹೊರಗೂ ಒಂದೇ ಚಳಿ. ಚಳಿ ಗಾಢವಾಗುವ ಬೆಳಗಿನ ಜಾವದಲ್ಲಿ ಮಗುವನ್ನು ಕಾಯುವುದು ಮೈಕೆಳಗಿನ ದಪ್ಪ ಹಾಸು, ಒಣಗಿದ ಬಟ್ಟೆ ಮತ್ತು ಆ ಸ್ಥಳದ ಚಳಿಗೆ ತಕ್ಕ ಸ್ಲೀಪಿಂಗ್ ಬ್ಯಾಗ್. ಒಲೆಯ ನಿಜವಾದ ಉಪಯೋಗ ಬೇರೆ: ಸಂಜೆ ಒದ್ದೆ ಕಾಲುಚೀಲ ಒಣಗಿಸುವುದು, ಹಿಮ ಕರಗಿಸಿ ನೀರು ಮಾಡುವುದು, ಮುಂಜಾನೆ ಮಕ್ಕಳನ್ನು ಎಬ್ಬಿಸಿ ಹೊರಡಿಸುವುದು. ಅಷ್ಟಕ್ಕೆ ಒಂದೂವರೆ ಕಿಲೋ ಹೊರಬೇಕೇ ಎಂಬುದನ್ನು ಆಯಾ ಕುಟುಂಬವೇ ನಿರ್ಧರಿಸಬೇಕು.

ಭಾರಕ್ಕಿಂತ ದೊಡ್ಡ ಪ್ರಶ್ನೆ ಗಾಳಿಯದು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ ಪ್ರವಾಸಿಗರು ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಅನಿಲದ ಹೀಟರ್ ಉರಿಸಿ ಮಲಗಿದರು. ಎಂಟು ಮಂದಿ ಮತ್ತೆ ಏಳಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಅವರು ಮಲಗಿದ್ದುದು ಕಟ್ಟಡದಲ್ಲಿ, ಡೇರೆಯಲ್ಲಲ್ಲ. ಜಿಪ್ ಎಳೆದ, ಅಂಚಿಗೆ ಹಿಮ ಕವಿದ ಡೇರೆಯಲ್ಲಿರುವ ಗಾಳಿ ಅದಕ್ಕಿಂತಲೂ ಕಡಿಮೆ. ಇಂಧನ ಪೂರ್ತಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಕ್ಕಳ ಉಸಿರಾಟ ವೇಗದ್ದಾದ್ದರಿಂದ ವಿಷ ಅವರನ್ನೇ ಬೇಗ ಮುಟ್ಟುತ್ತದೆ. ಎತ್ತರದ ತಾಣಗಳಲ್ಲಿ ತಲೆನೋವು, ವಾಕರಿಕೆ ಬಂದರೆ ‘ಎತ್ತರದ ಬಾಧೆ’ ಎಂದುಕೊಂಡು ಇನ್ನಷ್ಟು ಬೆಚ್ಚಗೆ ಮಲಗಿಸುವ ಸಂಭವವೂ ಇದೆ.

ಮಲೆನಾಡಿಗರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ ಕಾರಣವೊಂದುಂಟು. ಅಗ್ಗಿಷ್ಟಿಕೆಯ ಕೆಂಡಕ್ಕೆ ಕೈ ಕಾಯಿಸಿ, ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಬೆಳೆದ ಸೀಮೆಯಿದು. ಹೊಗೆಯಾಡದ ಕೆಂಡ ನಿರಪಾಯಕಾರಿ ಎಂಬ ನಂಬಿಕೆ ಮನೆಮನೆಯಲ್ಲಿದೆ. ವಾಸ್ತವದಲ್ಲಿ ನಿಗಿನಿಗಿ ಕೆಂಡವೇ ಈ ಅನಿಲವನ್ನು ಧಾರಾಳವಾಗಿ ಹೊರಬಿಡುತ್ತದೆ. ಹಳೆಯ ಮನೆಗಳಲ್ಲಿ ಜೀವ ಉಳಿಸುತ್ತಿದ್ದುದು ಹೆಂಚಿನ ಮಾಡಿನ ಸಂದಿಗಳು. ಸಿಲಿಕೋನ್ ಲೇಪಿತ ಬಟ್ಟೆಗೆ ಅಂತಹ ಸಂದಿಗಳಿಲ್ಲ. ಆದುದರಿಂದ ಡೇರೆಯೊಳಗೆ ಕೆಂಡದ ಬಾಂಡಲಿ, ಕಾಶ್ಮೀರದ ಕಾಂಗ್ಡಿ, ಕೊಳವೆಯಿಲ್ಲದ ಅನಿಲದ ಹೀಟರ್ — ಮೂರೂ ಕೂಡದು. ಅನಿಲದ ಹೀಟರಿನ ಮತ್ತೊಂದು ದೋಷ ತೇವ. ನೂರು ಗ್ರಾಂ ಅನಿಲ ಉರಿದರೆ ನೂರೈವತ್ತು ಗ್ರಾಂಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. ಅದು ಬಟ್ಟೆಯ ಒಳಮೈಗೆ ಹನಿಗಟ್ಟಿ ಹೊದಿಕೆಯ ಮೇಲೇ ತೊಟ್ಟಿಕ್ಕುತ್ತದೆ. ಬೆಚ್ಚಗಾಗಲೆಂದು ಹಚ್ಚಿದ್ದು ಒದ್ದೆ ಮಾಡಿ ಹೋಗುತ್ತದೆ.

ಕೊಳವೆಯುಳ್ಳ ಕಟ್ಟಿಗೆಯ ಒಲೆ ಈ ಎರಡೂ ದೋಷಗಳನ್ನು ಬಹುಮಟ್ಟಿಗೆ ನೀಗಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯನ್ನು ಬಲ್ಲವರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಿಲ್ಲ: ಮುಚ್ಚಿದ ಒಲೆ, ಅಳತೆಯ ಗಾಳಿ, ಹೊಗೆಯನ್ನು ಮೇಲಕ್ಕೆ ಸೆಳೆಯುವ ಚಿಮಣಿ. ಆದರೂ ಮಲಗುವ ಮುನ್ನ ಬೆಂಕಿಯನ್ನು ಪೂರ್ತಿ ಆರಿಸಬೇಕು, ನೆಲದಂಚಿನಲ್ಲಿಯೂ ನೆತ್ತಿಯಲ್ಲಿಯೂ ಗಾಳಿಗಂಡಿ ತೆರೆದಿರಬೇಕು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೊಂದು ಮಲಗುವವರ ತಲೆಯ ಬಳಿ ಇರತಕ್ಕದ್ದು. ಭಾರ ಇಳಿಸುವ ನೆಪದಲ್ಲಿ ಬಿಟ್ಟುಹೋಗಬಾರದ ವಸ್ತು ಅದು.

ಇನ್ನು ಕಟ್ಟಿಗೆ. ‘ಬಿದ್ದ ಒಣ ಕಟ್ಟಿಗೆ ತಾನೇ’ ಎಂಬ ಮಾತು ಸೊಪ್ಪಿನಬೆಟ್ಟ ಕಂಡವರ ಬಾಯಲ್ಲಿ ಬರಬಾರದು. ಬಿದ್ದ ಮರ ಕೊಳೆತು ಮಣ್ಣಾಗುವುದರಲ್ಲಿಯೇ ಕಾಡಿನ ಗೊಬ್ಬರವಿದೆ. ಅಣಬೆ, ಹಾವಸೆ, ಜೀರುಂಡೆಗಳ ಬಾಳು ಅಲ್ಲಿದೆ. ಹಿಮಾಲಯದ ಮರಗೆರೆಯ ಆಸುಪಾಸಿನ ಜ್ಯೂನಿಪರ್, ರೋಡೊಡೆಂಡ್ರನ್‌ಗಳು ಅತಿ ನಿಧಾನವಾಗಿ ಬೆಳೆಯುವಂಥವು. ಒಂದು ಸಂಜೆಯ ಬಿಸಿಗೆ ದಶಕಗಳ ಬೆಳವಣಿಗೆ ಬೂದಿಯಾಗುತ್ತದೆ. ಅದಕ್ಕಿಂತ ಮೇಲಿನ ಹುಲ್ಲುಗಾವಲಿನಲ್ಲಿ ಉರಿಸಲು ಕಟ್ಟಿಗೆಯೇ ಇಲ್ಲ. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಹೈಕೋರ್ಟು ‘ಬುಗ್ಯಾಲ್’ಗಳೆಂಬ ಆ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿ ಆದೇಶಿಸಿತು. ಹಾಗಾಗಿ ಒಲೆ-ಡೇರೆಗೆ ಒಪ್ಪುವ ತಾಣ, ಬೆಂಕಿಗೆ ಅನುಮತಿಯಿದ್ದು ಕೆಳಗಿನ ಹಳ್ಳಿಯಲ್ಲಿ ಕಟ್ಟಿಗೆ ಕೊಂಡು ಒಯ್ಯಬಹುದಾದಲ್ಲಿ ಮಾತ್ರ. ಸಹ್ಯಾದ್ರಿಗಂತೂ ಇದು ಬೇಡವೇ ಬೇಡ. ಇಲ್ಲಿನ ಕಷ್ಟ ಮಳೆ ಮತ್ತು ಇಂಬಳ. ಚಳಿಗೆ ಒಂದು ಕರಿಕಂಬಳಿ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು ನಿಷೇಧಿಸಿದೆ.

ಇಷ್ಟೆಲ್ಲ ಯೋಚಿಸಿಯೂ ಕೊಳ್ಳುವವರು ಒಲೆಗಿಂತ ಮೊದಲು ಡೇರೆಯನ್ನೇ ನೋಡಬೇಕು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಮಾರ್ಗದಲ್ಲಿ ಹಿಮಗಾಳಿಗೆ ಸಿಲುಕಿ ಕರ್ನಾಟಕದಿಂದ ಹೊರಟಿದ್ದ ತಂಡದ 9 ಮಂದಿ ಪ್ರಾಣ ಬಿಟ್ಟರು. ಅದು ಬೇಸಗೆಯ ಕಾಲ! ಗಾಳಿಯೂ ತೇವವೂ ಕೂಡಿದರೆ ಮೈಬಿಸಿ ಇಳಿಯಲು ಕೆಲವು ಗಂಟೆಗಳು ಸಾಕು. ಕುಟುಂಬಕ್ಕೆ ಬೇಕಾದುದು ಒಬ್ಬರೇ ಹತ್ತು ನಿಮಿಷದಲ್ಲಿ ಹೂಡಬಲ್ಲ, ಗಾಳಿಗೆ ಬಗ್ಗದ ಡೇರೆ. ಒಂಟಿಗಂಬದ ಶಂಕುವಿನಾಕಾರ ಈ ದೃಷ್ಟಿಯಿಂದ ಒಳ್ಳೆಯದು. ನೈಲಾನ್ ಒದ್ದೆಯಾದಾಗ ಸಡಿಲಗೊಂಡು ಜೋತುಬೀಳುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಬೀಳದು. ಕೊಳವೆ ಹಾಯುವ ಕಿಂಡಿಗೆ ಗಾಜಿನ ನಾರಿನ ಬಟ್ಟೆಯನ್ನು ಕಾರ್ಖಾನೆಯಲ್ಲೇ ಹೊಲಿದಿರಬೇಕು. ಸಾಮಾನ್ಯ ಡೇರೆಗೆ ತೂತು ಕೊರೆದು ಒಲೆ ಕೂರಿಸುವ ಸಾಹಸ ಬೇಡ, ಆ ಬಟ್ಟೆ ಕ್ಷಣದಲ್ಲಿ ಕರಗುತ್ತದೆ. ಕೊಳವೆಯ ತುದಿಗೆ ಕಿಡಿ ತಡೆಯುವ ಜಾಲರಿ, ಒಲೆ ಮತ್ತು ಮಕ್ಕಳ ಹಾಸಿಗೆಯ ನಡುವೆ ಒಂದು ಮಾರಿನಷ್ಟಾದರೂ ಅಂತರ, ಬಾಗಿಲಿಗೆ ಹೋಗುವ ದಾರಿಯಲ್ಲಿ ಒಲೆ ಇರದಂತಹ ವಿನ್ಯಾಸ — ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಆ ಡೇರೆಯನ್ನು ಬಿಟ್ಟು ಮುಂದೆ ನೋಡಬಹುದು.

ಕೊಂಡದ್ದನ್ನು ನೇರವಾಗಿ ಹಿಮಾಲಯಕ್ಕೆ ಒಯ್ಯುವಂತಿಲ್ಲ. ಆಷಾಢದ ಒಂದು ರಾತ್ರಿ ಅಡಿಕೆಯಂಗಳದಲ್ಲಿ ಹೂಡಿ ಎಲ್ಲರೂ ಒಳಗೆ ಮಲಗಿದರೆ ಹೊಲಿಗೆ ಎಲ್ಲಿ ಸೋರುತ್ತದೆಂದು ಬೆಳಗಾಗುವುದರೊಳಗೆ ತಿಳಿಯುತ್ತದೆ. ಅಂತಹ ಮಳೆಯ ಪರೀಕ್ಷೆ ಬೇರಾವ ಕಾರ್ಖಾನೆಯಲ್ಲೂ ಇಲ್ಲ. ಒಲೆಯ ಸುರುಳಿ ಕೊಳವೆಯನ್ನು ಮಾತ್ರ ಡೇರೆಯ ಹೊರಗೆ, ಬಯಲಿನಲ್ಲಿ ಮೊದಲ ಬಾರಿ ಕಾಯಿಸಬೇಕು. ಒಮ್ಮೆ ಚೆನ್ನಾಗಿ ಕಾದರೆ ಆ ತಗಡು ಕೊಳವೆಯ ಆಕಾರವನ್ನು ಹಿಡಿಯುತ್ತದೆ, ಮುಂದೆ ಚಳಿಗೆ ಮರಗಟ್ಟಿದ ಬೆರಳುಗಳಿಂದಲೂ ಅದನ್ನು ಸುರುಳಿ ಸುತ್ತಬಹುದು.