ಮಾರುತಿ ತೊಗರಿಗೆ ಸಂದ ಸನ್ಮಾನ



1986ರಲ್ಲಿ ಎರಡು ಸಂಗತಿಗಳು ನಡೆದವು. ಗೋಧಿ ತಳಿಗಳ ಸಾಧನೆಗಾಗಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ನಾರ್ಮನ್ ಬೋರ್ಲಾಗ್ ಆ ವರ್ಷ ವಿಶ್ವ ಆಹಾರ ಪ್ರಶಸ್ತಿಯನ್ನು ಹುಟ್ಟುಹಾಕಿದರು. ಮರುವರ್ಷ ಅದರ ಮೊದಲ ಗೌರವ ಭಾರತದ ಎಂ.ಎಸ್. ಸ್ವಾಮಿನಾಥನ್ ಅವರಿಗೆ ಸಂದಿತು. ಅದೇ 1986ರಲ್ಲಿ ಕರ್ನಾಟಕದ ರೈತರಿಗೆ 'ಮಾರುತಿ' ಎಂಬ ತೊಗರಿ ತಳಿ ಬಿಡುಗಡೆಯಾಯಿತು. ಮೊದಲನೆಯದು ಜಗತ್ತಿಗೆಲ್ಲ ಸುದ್ದಿ. ಎರಡನೆಯದು ಸುದ್ದಿಯಾದದ್ದು ಕಲಬುರಗಿಯ ಹೊಲಗಳಲ್ಲಿ.

ವಿಜ್ಞಾನಿಗೆ ಸಲ್ಲುವ ಸನ್ಮಾನ ಎಂದರೇನು? ಶಾಲು, ಫಲಕ, ಪದಕಗಳಿಗೆ ಅವುಗಳದೇ ಬೆಲೆಯಿದೆ. ಆದರೆ ಬೀಜ ಕಂಡುಹಿಡಿದವನ ಸಾಧನೆಯನ್ನು ಅಳೆಯುವ ಇನ್ನೊಂದು ಕೋಲು ಇದೆ: ರೈತ ಮರುವರ್ಷವೂ ಅದೇ ಬೀಜವನ್ನು ಕೇಳಿಕೊಂಡು ಬಂದನೇ? ಆ ಕೋಲಿನಿಂದ ಅಳೆದರೆ ಮಾರುತಿಯ ಕಥೆ ದೊಡ್ಡದು.

ತೊಗರಿಯ ಕಣಜ ಎನಿಸಿದ ಈ ಜಿಲ್ಲೆಯಲ್ಲಿ ನೆಟೆ ರೋಗದ ಹೆಸರು ಕೇಳದ ಒಕ್ಕಲುತನದ ಮನೆ ಇಲ್ಲ. ಗಿಡ ಎದೆಯೆತ್ತರ ಬೆಳೆದು, ಹೂ ಕಾಯಿ ಕಟ್ಟುವ ಹೊತ್ತಿಗೆ ಒಣಗಿ ನಿಲ್ಲುತ್ತದೆ. ನೆಲದಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರಿಲ್ಲ. ಬೇರಿನ ಮೂಲಕ ಒಳಹೊಕ್ಕ ಶಿಲೀಂಧ್ರ ನೀರು ಏರುವ ನಾಳಗಳನ್ನೇ ಕಟ್ಟಿಬಿಡುವುದು ಇದಕ್ಕೆ ಕಾರಣ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಅಷ್ಟರಲ್ಲಿ ಔಷಧಿ ಹೊಡೆದು ಪ್ರಯೋಜನವಿಲ್ಲ. ಗಿಡ ಸತ್ತರೂ ರೋಗ ಸಾಯುವುದಿಲ್ಲ; ಮಣ್ಣಿನಲ್ಲಿ ಉಳಿದ ಬೇರು ಕೂಳೆಗಳಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ.

ಈ ಕಳ್ಳನನ್ನು ಗುರುತಿಸಿದವರು ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಯಲ್ಲಿದ್ದ ಎಡ್ವಿನ್ ಬಟ್ಲರ್. ಅವರು 1910ರಲ್ಲಿ ಇದಕ್ಕೆ ಫ್ಯುಜೇರಿಯಂ ಉಡಮ್ ಎಂದು ಹೆಸರಿಟ್ಟರು. ಮುಂದೆ ಅವರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, ನೈಟ್ ಪದವಿ ಎಲ್ಲವೂ ಬಂದವು. ರೋಗ ಮಾತ್ರ ಹೊಲದಲ್ಲೇ ಉಳಿಯಿತು. ಹೆಸರು ಗೊತ್ತಾಗುವುದಕ್ಕೂ ಪರಿಹಾರ ಸಿಗುವುದಕ್ಕೂ ನಡುವೆ ಮುಕ್ಕಾಲು ಶತಮಾನ ಕಳೆಯಿತು.

ಪರಿಹಾರ ಬಂದದ್ದು 1972ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯಿಂದ. ಅಲ್ಲಿ ವೈ.ಎಲ್. ನೆನೆ ಮತ್ತು ಅವರ ಸಂಗಡಿಗರು ಅನುಸರಿಸಿದ ದಾರಿ ಕೇಳಿದರೆ ಆಶ್ಚರ್ಯವಾಗುತ್ತದೆ. ರೈತ ರೋಗವನ್ನು ಹೊಲದಿಂದ ಓಡಿಸಲು ನೋಡಿದರೆ, ಇವರು ಬೇಕೆಂದೇ ಸಾಕಿದರು. ನೆಟೆ ಬಂದ ಗಿಡಗಳನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ 'ರೋಗದ ಹೊಲ'ಗಳನ್ನು ಸಿದ್ಧಪಡಿಸಿದರು. ಅಲ್ಲಿ ನೂರಾರು ತಳಿಗಳನ್ನು ಬಿತ್ತಿ, ಸಾಯುವುದನ್ನು ಸಾಯಲು ಬಿಟ್ಟು, ಬದುಕಿದ್ದನ್ನು ಆರಿಸಿದರು. ಹಾಗೆ ಬದುಕಿ ಉಳಿದದ್ದರಲ್ಲಿ ಐ.ಸಿ.ಪಿ. 8863 ಒಂದು. ಅದರ ಮೂಲ ಮಹಾರಾಷ್ಟ್ರದ ನಾಟಿ ತಳಿ. ಅದೇ ಮಾರುತಿ.

ಬಿಡುಗಡೆಯಾದ ಆರೇಳು ವರ್ಷಗಳಲ್ಲಿ, ಅಂದರೆ 1992-93ರ ಹೊತ್ತಿಗೆ, ಉತ್ತರ ಕರ್ನಾಟಕದ ತೊಗರಿ ಪ್ರದೇಶದ ಸುಮಾರು ಶೇ. 60ರಷ್ಟನ್ನು ಮಾರುತಿ ಆವರಿಸಿತ್ತು ಎಂದು ಇಕ್ರಿಸ್ಯಾಟ್‌ನ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ಯಾವ ಸಭೆಯಲ್ಲೂ ಇಷ್ಟು ದೊಡ್ಡ ಮೊತ್ತದ ಚಪ್ಪಾಳೆ ಕೇಳಿಸದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನೆಟೆಯನ್ನು ತಡೆದ ಮಾರುತಿ ಗೊಡ್ಡು ರೋಗಕ್ಕೆ ಸೋಲುತ್ತಿತ್ತು. ಕಣ್ಣಿಗೆ ಕಾಣದ ನುಸಿಯೊಂದು ಹರಡುವ ಈ ನಂಜು ರೋಗದಲ್ಲಿ ಗಿಡ ಹಸಿರಾಗಿ ಬೆಳೆದರೂ ಹೂ ಕಾಯಿ ಬಿಡುವುದಿಲ್ಲ. 1993ರಲ್ಲಿ ಬಂದ 'ಆಶಾ' ತಳಿ ಎರಡೂ ರೋಗಗಳನ್ನು ತಡೆಯುವ ಗುಣ ಪಡೆದಿತ್ತು. ರಾಜೀವ್ ವಾರ್ಷ್ಣೇಯ ಅವರ ನೇತೃತ್ವದ ತಂಡ 2011ರಲ್ಲಿ ತೊಗರಿಯ ಸಂಪೂರ್ಣ ವಂಶವಾಹಿ ನಕ್ಷೆ ಪ್ರಕಟಿಸಿದಾಗ ಆರಿಸಿಕೊಂಡದ್ದು ಇದೇ ಆಶಾ ತಳಿಯನ್ನು. ವಾರ್ಷ್ಣೇಯ ಅವರಿಗೆ 2015ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2023ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆತವು. ಇತ್ತ ಕಲಬುರಗಿ ನಗರದ ಕೃಷಿ ಸಂಶೋಧನಾ ಕೇಂದ್ರ ಟಿ.ಎಸ್.-3ಆರ್, ಜಿ.ಆರ್.ಜಿ.-811ರಂಥ ತಳಿಗಳನ್ನು ಕೊಟ್ಟಿತು. ಈ ಹೆಸರುಗಳಿಗೆ ಮೆರವಣಿಗೆ ಇಲ್ಲ. ಬೀಜದ ಚೀಲದ ಮೇಲೆ ಮಾತ್ರ ಇವೆ.

ಗೌರವದ ಇನ್ನೊಂದು ಬಗೆಯನ್ನು ಕಮಲಾಪುರದಲ್ಲಿ ಕಾಣಬಹುದು. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕಲಬುರಗಿ ತೊಗರಿ ಬೇಳೆಗೂ 2019ರಲ್ಲಿ ಅದು ಸಿಕ್ಕಿತು. ಈ ಮಾನ್ಯತೆ ಒಬ್ಬ ವ್ಯಕ್ತಿಯದಲ್ಲ, ಒಂದು ನೆಲದ ಬೆಳೆಗಾರರೆಲ್ಲರದು. ಆದರೆ ಮಾನ್ಯತೆಯ ಪತ್ರ ಬೆಳೆಯನ್ನು ಕಾಯದು. ಬಾಳೆಯನ್ನು ಒಣಗಿಸುವ ಪನಾಮ ರೋಗ ತೊಗರಿಯ ನೆಟೆಯ ದಾಯಾದಿಯೇ. ಅದೂ ಫ್ಯುಜೇರಿಯಂ ಕುಲದ್ದು. ತೊಗರಿಯಲ್ಲಾದರೆ ಬೀಜದಿಂದ ಬೀಜಕ್ಕೆ ಗುಣ ಆರಿಸುತ್ತ ಹೋಗಬಹುದು. ಕಂದಿನಿಂದ ಕಂದಿಗೆ ಬೆಳೆಯುವ ಬಾಳೆಯಲ್ಲಿ ಆ ಕೆಲಸ ಬಲು ಕಷ್ಟ. ರೋಗವಿಲ್ಲದ ತೋಟದ ಕಂದು ಆರಿಸುವ ರೈತನ ಕಣ್ಣೇ ಅಲ್ಲಿ ಮೊದಲ ಪ್ರಯೋಗಶಾಲೆ.

ಮಾರುತಿಯ ಮೂಲವೂ ಯಾವುದೋ ಹೊಲದ ನಾಟಿ ಬೀಜವೇ ತಾನೆ? ಅದನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಾಟಿ ತಳಿ ಉಳಿಸಿದ ರೈತರಿಗೂ ಸಮುದಾಯಗಳಿಗೂ ರಾಷ್ಟ್ರಮಟ್ಟದ ಪ್ರಶಸ್ತಿ ಕೊಡಲಾಗುತ್ತಿದೆ. ತಡವಾದರೂ ಇದು ನ್ಯಾಯ.

2022ರ ಮುಂಗಾರಿನಲ್ಲಿ ನೆಟೆ ರೋಗ ಮತ್ತೆ ಜಿಲ್ಲೆಯ ತೊಗರಿಯನ್ನು ವ್ಯಾಪಕವಾಗಿ ಒಣಗಿಸಿತು. ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಶಿಲೀಂಧ್ರವೂ ರೂಪ ಬದಲಿಸುತ್ತದೆ, ಒಂದೆಡೆ ತಡೆದ ತಳಿ ಇನ್ನೊಂದೆಡೆ ತಡೆಯದೆ ಹೋಗಬಹುದು. ಜೋಳದೊಂದಿಗೆ ತೊಗರಿ ಬಿತ್ತುವ ಹಿರಿಯರ ಪದ್ಧತಿ ನೆಟೆಯನ್ನು ತಗ್ಗಿಸುತ್ತದೆಂದು ಪ್ರಯೋಗಗಳೇ ತೋರಿಸಿವೆ. ವರ್ಷ ವರ್ಷವೂ ಬರಿಯ ತೊಗರಿಯನ್ನೇ ಬಿತ್ತಿದರೆ ರೋಗಕ್ಕೆ ತೌರುಮನೆ ಕಟ್ಟಿಕೊಟ್ಟಂತೆ.

ಹಾಗಾಗಿ ಬೀಜದ ವಿಜ್ಞಾನಿಗೆ ಒಂದು ದಿನದ ಸನ್ಮಾನ ಸಾಲದು. ಅವರಿಗೆ ಬೇಕಾದದ್ದು ರೋಗದ ಹೊಲವನ್ನು ವರ್ಷವರ್ಷವೂ ಬಿತ್ತಲು ಹಣ, ಕೈಯಾಳು, ಮುಂದಿನ ತಲೆಮಾರಿನ ಉತ್ತರಾಧಿಕಾರಿ. ಇವು ನಿಂತರೆ, ಎಷ್ಟೇ ಪದಕ ತೊಡಿಸಿದರೂ, ಮುಂದಿನ ಮಾರುತಿ ಹುಟ್ಟುವುದಿಲ್ಲ.