ಮನೆ ಬೆಳೆದಾಗ ಗಾಡಿ



ಗೆಂಡೆಹಳ್ಳಿಯ ನಮ್ಮ ಮನೆಯಲ್ಲಿ ಏಳು ಮಂದಿ ಇದ್ದೇವೆ; ಎಂಟನೆಯದು ಸೊಸೆಯ ಮಡಿಲು ಸೇರಲಿದೆ. ಹೋದ ತಿಂಗಳು ಒಂದು ಮಳೆಯ ರಾತ್ರಿ ಆಕೆಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವಾಗ ನಮ್ಮ ಸಣ್ಣ ಕಾರು ನಡುದಾರಿಯಲ್ಲಿ ನಿಂತಿತು. ಹಿಂದೆ ಬಂದ ತೋಟದ ಜೀಪೊಂದು ನಮ್ಮನ್ನು ಕಾಪಾಡಿತು. ಮರುದಿನವೇ ದೊಡ್ಡ ಗಾಡಿಯ ಮಾತು ಹುಟ್ಟಿತು, ಹೊಸದಕ್ಕೆ ಹಣವಿರಲಿಲ್ಲ.

ಮಗ ಎರಡನ್ನು ಆರಿಸಿದ್ದ: 2005ರಲ್ಲಿ ತಯಾರಿಕೆ ನಿಂತ ಕ್ವಾಲಿಸ್, ಅದರ ಸ್ಥಾನಕ್ಕೆ ಬಂದ ಇನ್ನೋವಾ. ಎರಡೂ ಬಿಡದಿಯಲ್ಲಿ ಹುಟ್ಟಿದವು. ಕ್ವಾಲಿಸ್‌ಗೆ ಹೊಸ ಬಣ್ಣದ ಮೆರುಗಿತ್ತು, ಬೆಲೆಯೂ ಕಡಿಮೆ. ಆದರೆ 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಬಣ್ಣವು ತುಕ್ಕನ್ನು ಮುಚ್ಚೀತೇ ಹೊರತು ಕಳೆಯದು. 2015ರ ಇನ್ನೋವಾದ ಒಡೆಯರಾದರೋ ಪ್ರತಿಯೊಂದು ಸರ್ವೀಸಿನ ರಸೀದಿಯನ್ನೂ ಕಾಪಾಡಿಟ್ಟಿದ್ದರು. ಪುಸ್ತಕದಲ್ಲಿದ್ದ ಚಾಸಿಸ್ ಸಂಖ್ಯೆ ಗಾಡಿಯದರೊಡನೆ ತಾಳೆಯಾಯಿತು. ತಣ್ಣಗಿದ್ದ ಎಂಜಿನ್ ಹೊಗೆಯುಗುಳದೆ ಎಚ್ಚೆತ್ತಿತು.

ಆದರೂ ನಾನು ಪಟ್ಟು ಹಿಡಿದೆ: ಮನೆಮಂದಿಯೆಲ್ಲ ಕುಳಿತು ಏರು ಹತ್ತಿಸಿಯೇ ನಿರ್ಧರಿಸೋಣ. ನಡುವಣ ಸೀಟಿನಲ್ಲಿ ಸೊಸೆ ಕಾಲು ಚಾಚಿ ಕುಳಿತಳು. ಏರಿನಲ್ಲಿ ಗಾಡಿ ದಣಿಯಲಿಲ್ಲ. ಹಿಂದಿನ ಸೀಟಿಗೆ ನುಸುಳುವಷ್ಟರಲ್ಲಿ ದಣಿದವನು ನಾನು. ಆ ಜಾಗ ನನ್ನದೆಂದು ಒಪ್ಪಿಕೊಂಡೆ. ಮನೆ ಬೆಳೆದಂತೆ ಹಿರಿಯರು ಹಿಂದಕ್ಕೆ ಸರಿಯಬೇಕಷ್ಟೆ.