ಬೋನಾಳ ಕೆರೆಯ ಹಕ್ಕಿಗಳೂ ನಮ್ಮ ತೊಗರಿ ಹೊಲವೂ

(ಕಮಲಾಪುರದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹಕ್ಕಿ ನೋಡುವುದು ಹೊತ್ತು ಹೋಗದವರ ಕೆಲಸವೆಂದು ತಮ್ಮಲ್ಲಿ ಅನೇಕರ ಎಣಿಕೆ. ಇರಲಿ. ಕಳೆದ ಪುಷ್ಯಮಾಸದಲ್ಲಿ ಕ್ಯಾಮೆರಾ ಹವ್ಯಾಸದ ಗೆಳೆಯರೊಬ್ಬರೊಡನೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೆ ಹೋಗಿದ್ದೆ. ಕಲಬುರಗಿಯಿಂದ ನಸುಕಿನ ಬಸ್ಸು. ಜೇವರ್ಗಿ, ಶಹಾಪುರ ದಾಟಿ ಸುರಪುರ. ಅದು ಕಾಡಲ್ಲ, ಹಳೆಯ ಕೆರೆ. ಸುತ್ತಲೂ ನಮ್ಮಂಥವರ ಹೊಲಗದ್ದೆ. ಅದಕ್ಕೇ ತಮಗೆ ಹೇಳಬೇಕೆನ್ನಿಸಿತು.

ಆಪಿನ ಮರೆಯಲ್ಲಿ ನೇರಳೆ ಜಂಬುಕೋಳಿ, ಅಂಚಿನಲ್ಲಿ ಕರಿ ಕೆಂಬರಲು, ನಡುನೀರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು. ಬಿಳಿಯ ತಲೆಗೆ ಎರಡು ಕಪ್ಪು ಪಟ್ಟೆ. ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾಟಿ ಬರುತ್ತವೆ. ಮೈಗೆ ಯಂತ್ರ ಕಟ್ಟಿ ಅಳೆದವರು ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ಕಂಡಿದ್ದಾರೆ. ಗೆಳೆಯರು ಚಿತ್ರಕ್ಕಾಗಿ ಎರಡು ತಾಸು ದಂಡೆಯ ಮೇಲೆ ಮಿಸುಕದೆ ಕುಳಿತರು. ಸಮೀಪ ಹೋದರೆ ಹಿಂಡೇ ಎದ್ದುಬಿಡುತ್ತದೆ.

ಅಷ್ಟರಲ್ಲಿ ಹಿರಿಯ ರೈತರೊಬ್ಬರು ಬಂದು ನಿಂತರು. "ತಮ್ಮಾ, ನಿಮಗ ಹಕ್ಕಿ ಚೆಂದ ಕಾಣ್ತಾವ. ರಾತ್ರಿ ನನ್ನ ಹೊಲಕ್ಕ ಇಳಿದು ಕಡ್ಲಿ ಮೇಯ್ತಾವ, ಅದಕ್ಕೇನಂತೀರಿ?" ಎಂದರು. ಅವರ ಮಾತು ಸುಳ್ಳಲ್ಲ. ಹೆಬ್ಬಾತು ಹುಲ್ಲಿನಂತೆ ಎಳೆ ಪೈರನ್ನೂ ಮೇಯುತ್ತದೆ. ರಾತ್ರಿ ಕಾವಲಿದ್ದು ತಮಟೆ ಬಾರಿಸಿ ಎಬ್ಬಿಸುವುದು ನ್ಯಾಯವೇ. ಆದರೆ ಕೆಲವರು ಕಾಳಿಗೆ ವಿಷ ಬೆರೆಸಿ ಚೆಲ್ಲುವುದುಂಟು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆ ವಿಷ ಹಕ್ಕಿಯಲ್ಲೇ ನಿಲ್ಲುವುದಿಲ್ಲ. ಮಳೆಗೆ ತೊಳೆದು, ನಮ್ಮ ದನ ಕುಡಿಯುವ ನೀರಿಗೂ ಸೇರುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಬೇರೆ ಬಗೆ ಕಂಡುಕೊಂಡರು. ಊರೊಳಗಿನ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳ ಹಿಕ್ಕೆಯನ್ನು ಮರದಡಿಯಲ್ಲಿ ಕೂಡಿಸಿ ಗೊಬ್ಬರ ಮಾಡಿದರು.

ನಮ್ಮ ಊರುಗಳಿಗೆ ಮುಖ್ಯವಾದದ್ದು ತೊಗರಿ. ಕಾಯಿಕೊರಕ ಹುಳು ಕಾಯಿಯೊಳಗೆ ತಲೆ ತೂರಿಸಿತೆಂದರೆ ಔಷಧಿ ತಾಗುವುದು ಕಷ್ಟ. ಕಾಜಾಣ, ಗೊರವಂಕಗಳು ಆ ಹುಳುವನ್ನು ಹೆಕ್ಕಿ ತಿನ್ನುತ್ತವೆ. ಅವಕ್ಕೆ ಕೂಡಲು ಜಾಗ ಬೇಕು, ಅಷ್ಟೆ. ಹೂ ಕಾಣುವ ಮೊದಲೇ ಎಕರೆಗೆ ಸುಮಾರು 20ರಂತೆ ಕವಲುಗೋಲುಗಳನ್ನು ಪೈರಿಗಿಂತ ಎತ್ತರವಾಗಿ ನೆಡಿರಿ. ಹುಳು ವಿಪರೀತವಾದರೆ ಹಕ್ಕಿಗಳಿಂದಷ್ಟೇ ತೀರದು. ಶೇಕಡ 5ರ ಬೇವಿನ ಬೀಜದ ಕಷಾಯ ಹೊಡೆಯಬೇಕಾದೀತು. ಜೋಳದ ಹೊಲದಲ್ಲಾದರೆ ತೆನೆ ಹಾಲು ತುಂಬುವ ಹೊತ್ತಿಗೆ ಕೋಲು ಕಿತ್ತಿಡಿ, ಇಲ್ಲವಾದರೆ ಗಿಳಿಗಳಿಗೆ ನಾವೇ ಚಾವಡಿ ಕಟ್ಟಿಕೊಟ್ಟಂತೆ.

ಕೋಲು ನೆಡುವ ಬಗೆ ನೋಡಬೇಕೆನ್ನುವವರು ಬರುವ ಸಂತೆಯ ದಿನ ಪಂಚಾಯಿತಿ ಕಟ್ಟೆಗೆ ಬರಬೇಕು. ಪಕ್ಕದ ಹೊಲದಲ್ಲೇ ನೆಟ್ಟು ತೋರಿಸುತ್ತೇನೆ.